ಟೊಬೇಗೋಗೆ ಇಬ್ಬರು

"ಎಷ್ಟು ಮಂದಿ ಹೋಗಾವ್ರು ರೀ?"

ಕೇಳುತ್ತಲೇ ಅವನು ಕಂಪ್ಯೂಟರಿನಿಂದ ತಲೆ ಎತ್ತಿದ. ಕುರ್ಚಿ ಎಳೆದುಕೊಳ್ಳುತ್ತಿದ್ದ ಸೃಷ್ಟಿಯ ಕೈ ಅಲ್ಲೇ ನಿಂತಿತು.

ಮೈಲಾರಿ!

ಕಿವಿಯ ಪಕ್ಕದ ಕೂದಲು ನರೆಯತೊಡಗಿತ್ತು. ಹಣೆ ಬಿಸಿಲಿಗೆ ಕಂದಿತ್ತು. ಕಣ್ಣುಗಳು ಮಾತ್ರ ಅವೇ... ಏನೋ ಹೇಳಲು ಹೊರಟು, ಬೇಡವೆಂದು ಅರ್ಧದಾರಿಯಿಂದ ಹಿಂದಿರುಗುವ ಕಣ್ಣುಗಳು.

ಒಂಬತ್ತು ವರ್ಷಗಳ ಹಿಂದೆ ಬೆಳಗಾವಿ ಕೋಟೆಯೊಳಗೆ, ಕಮಲ ಬಸದಿಯ ಆಚೆಗಿನ ಕಲ್ಲುಕಟ್ಟೆಯ ಮೇಲೆ, ಆ ಕಣ್ಣುಗಳ ಪಕ್ಕದಲ್ಲಿ ಅವಳು ಎಷ್ಟೋ ಸಂಜೆಗಳನ್ನು ಕಳೆದಿದ್ದಳು. ಕಾಲೇಜಿನ ಉಳಿದ ಜೋಡಿಗಳೆಲ್ಲ ಮಾತಾಡಿ ಮಾತಾಡಿ ಜಗಳವಾಡುತ್ತಿದ್ದರೆ, ಇವರಿಬ್ಬರಿಗೆ ಮಾತು ಬೇಕಾಗುತ್ತಲೇ ಇರಲಿಲ್ಲ.

"ಕುಂದರ್ರಿ," ಅಂದ. ಧ್ವನಿ ಒಮ್ಮೆ ತಡವರಿಸಿ ಸರಿಯಾಯಿತು.

'ರೀ' ಅಂತೆ! ಪರವೂರಿನವಳಿಗೆ ಹೇಳುವ ಹಾಗೆ.

ಎದ್ದು ಹೋಗಿಬಿಡಲೇ? ಆದರೆ ಹೋದರೆ ಅವನಿಗೆ ಎಲ್ಲ ತಿಳಿದುಬಿಡುತ್ತದೆ. ಇನ್ನೂ ನೋಯುತ್ತಿದೆ ಎಂಬುದೂ ತಿಳಿದುಬಿಡುತ್ತದೆ. ಸೃಷ್ಟಿ ಕೂತಳು.

ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಅವಳು ಫಿಸಿಯೋಥೆರಪಿಸ್ಟ್. ಬಿದ್ದವರನ್ನು ಎಬ್ಬಿಸುವುದು, ನಿಂತವರನ್ನು ನಡೆಸುವುದು ಅವಳ ಕೆಲಸ. ಈಚೆಗೆ ಮಾತ್ರ ತನ್ನನ್ನೇ ಹಾಸಿಗೆಯಿಂದ ಎಬ್ಬಿಸುವುದು ಕಷ್ಟವಾಗಿತ್ತು. ರಜೆ ಕೇಳಿದಳು, ಸಿಕ್ಕಿತು. ಎಲ್ಲಿಗೆ ಎಂದು ಯಾರೋ ಕೇಳಿದಾಗ ಬಾಯಿಗೆ ಬಂದದ್ದು ಕೆರಿಬಿಯನ್.

"ಹುಚ್ಚೀ, ಗೋವಾ ಇಲ್ಲೇ ಬಾಜೂಕ ಬಿಟ್ಟು?" ಎಂದು ಆಸ್ಪತ್ರೆಯ ಗೆಳತಿ ನಕ್ಕಿದ್ದಳು. "ಹೋಗಲೇಬೇಕಂದ್ರ ಕೋಟಿ ಕೆರಿ ಮುಂದ ಒಬ್ಬರು ಅದಾರಂತ. ದೂರದ ದ್ವೀಪಕ್ಕೂ ಕಡಿಮ್ಯಾಗ ಮಾಡಿಕೊಡತಾರಂತ."

ಆ ಒಬ್ಬರು ಇವನು!

"ಎಷ್ಟು ಮಂದಿ?" ಮತ್ತೆ ಕೇಳಿದ, ಈ ಸಲ ಮೆಲ್ಲಗೆ.

ಒಬ್ಬಳೇ ಎಂದು ಹೇಳಬೇಕು. ಹೇಳಲು ಬಾಯಿ ತೆರೆದಳು. ಆದರೆ ಮದುವೆಯಾಗಿ ಮನೆ ಮಾಡಿಕೊಂಡವನ ಎದುರು, ಅವನಿಗಾಗಿಯೇ ಒಂಟಿಯಾಗಿ ಉಳಿದವಳಂತೆ ಕೂರುವುದೇ?

"ಇಬ್ಬರು," ಅಂದಳು.

ಅವನ ನೋಟ ಅವಳ ಕೊರಳಿನತ್ತ ಹೋಗಿ ಮರಳಿತು. ಡ್ಯೂಟಿಯಿಂದ ನೇರ ಬಂದಿದ್ದಳು, ಬಿಳಿ ಕೋಟಿನ ಗುಂಡಿಗಳೆಲ್ಲ ಹಾಕಿದ್ದವು.

"ಮನಿಯವರ ಜೋಡಿ?"

"ಹ್ಞೂಂ."

ಒಂದು ಸುಳ್ಳು. ಎಷ್ಟು ಸಣ್ಣದು... ಬಾಯಲ್ಲಿ ಎಷ್ಟು ಕಹಿ!

"ಚಲೋ ಆತು," ಅಂದ ಮೈಲಾರಿ. ಕಂಪ್ಯೂಟರಿನಲ್ಲಿ 'ಇಬ್ಬರು' ಎಂದು ಬರೆದುಕೊಂಡ.

* * *

ಡಿಗ್ರಿ ಮುಗಿದ ವರ್ಷ ಅವನಿಗೆ ಪ್ರವಾಸಿ ಹಡಗಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. "ಒಂದ ಸಲ ಹೋಗಿ ಬರತೀನಿ, ಆಮ್ಯಾಲೆ ನಿಮ್ಮಪ್ಪನ್ನ ಕೇಳತೀನಿ" ಎಂದು ಹೇಳಿ ಹೋದವನು. ನಡುಗಡಲಿನಲ್ಲಿ ಫೋನ್ ಸಿಗುತ್ತಿರಲಿಲ್ಲ. ದಡ ಸಿಕ್ಕಾಗ ಎರಡು ಸಾಲು ಬರೆಯುತ್ತಿದ್ದ. ಕೊನೆಯದಾಗಿ ಬಂದದ್ದು ಬರೀ ಅಲೆಗಳ ಸದ್ದು, ಅದರ ಕೆಳಗೆ ಒಂದು ಸಾಲು: 'ಟೊಬೇಗೋ. ಇಲ್ಲಿ ನೀ ಇರಬೇಕಿತ್ತು.'

ನಂತರ ಏನೂ ಇಲ್ಲ. ವಾರ ಕಳೆಯಿತು, ತಿಂಗಳು ಕಳೆಯಿತು. ತಾಳಲಾರದೆ ಅವಳು ಒಂದು ದಿನ ಖಾನಾಪುರದ ಬಸ್ಸು ಹತ್ತಿದಳು. ಅವನ ಮನೆಗೆ ಅದುವರೆಗೆ ಹೋದವಳಲ್ಲ. ಓಣಿಯ ಗುರುತು ಮಾತ್ರ ಇತ್ತು.

ಅಲ್ಲಿ ಒಂದು ಮನೆಯ ಮುಂದೆ ಹಂದರ ಹಾಕಿತ್ತು. ಬಾಜಾ ಮೊಳಗುತ್ತಿತ್ತು. ಕಮಾನಿನ ಮೇಲೆ ಚೆಂಡುಹೂವಿನಲ್ಲಿ ಮೈಲಾರಿಯ ಪೂರ್ತಿ ಹೆಸರು: ಮೈಲಾರಲಿಂಗ. ಪಕ್ಕದಲ್ಲಿ ಇನ್ಯಾವುದೋ ಹುಡುಗಿಯ ಹೆಸರು.

ರಮೇಶ, ಸುರೇಶ ಆಗಿದ್ದರೆ ಅನುಮಾನಕ್ಕೆ ಜಾಗವಿರುತ್ತಿತ್ತು. ಮೈಲಾರಲಿಂಗ ಎಂಬ ಹೆಸರಿನವರು ಒಂದೇ ಓಣಿಯಲ್ಲಿ ಎಷ್ಟು ಜನ ಇದ್ದಾರು? ಅವಳು ಬಂದ ಬಸ್ಸಿಗೇ ತಿರುಗಿ ಹತ್ತಿದಳು. ಮರುದಿನ ಫೋನ್ ನಂಬರು ಬದಲಿಸಿದಳು.

* * *

ಬೇರೆ ಏಜೆಂಟರು ಊರಲ್ಲಿ ಇರಲಿಲ್ಲವೇ? ಇದ್ದರು. ಆದರೂ ಮರುವಾರ ಅವಳ ಸ್ಕೂಟಿ ಕೋಟೆ ಕೆರೆಯ ಕಡೆಗೇ ತಿರುಗಿತು. ಅದರ ಮರುವಾರವೂ.

"ರೆಸಾರ್ಟ್ ಬ್ಯಾಡ್ರಿ," ಅವನು ಕೆರಿಬಿಯನ್ ನಕಾಶೆಯಲ್ಲಿ ಟೊಬೇಗೋ ಮೇಲೆ ಬೆರಳಿಟ್ಟು ಹೇಳುತ್ತಿದ್ದ. "ರೊಕ್ಕಾನೂ ಹೋಗತೈತಿ, ದ್ವೀಪಾನೂ ಕಾಣಂಗಿಲ್ಲ. ಒಂದು ಅಡಗಿಮನಿ ಇರೋ ಸಣ್ಣ ಮನಿ ಹಿಡಿಯೂಣು. ಊರವರ ವ್ಯಾನಿನಾಗ ಅಡ್ಡಾಡ್ರಿ. ಮೇ ತಿಂಗಳಂದ್ರ ಪ್ರವಾಸಿಗರ ಗದ್ದಲ ಮುಗದಿರತೈತಿ, ಮಳಿ ಇನ್ನಾ ಜೋರ ಹಿಡದಿರಂಗಿಲ್ಲ. ಎಲ್ಲಾ ಸೋವಿ."

"ನನಗ ಅಲ್ಲಿ ಊಟಕ್ಕೇನು? ಬರೇ ಮೀನಾ?"

"ಏ, ಇಲ್ರಿ! ಹಿಂದಕ್ಕ ನಮ್ಮ ದೇಶದಿಂದ ಕಬ್ಬಿನ ಕೆಲಸಕ್ಕ ಹೋದವರ ಮಕ್ಕಳು ಮೊಮ್ಮಕ್ಕಳು ಆ ದೇಶದಾಗ ಭಾಳ ಅದಾರ. ಬ್ಯಾಳಿ ಅರದು ಒಳಗ ತುಂಬಿ ರೊಟ್ಟಿ ಮಾಡತಾರ. ಥೇಟ್ ನಮ್ಮ ಹೋಳಿಗಿ. ಬೆಲ್ಲ ಅಷ್ಟ ಮರತಾರ!"

ಸೃಷ್ಟಿ ನಕ್ಕುಬಿಟ್ಟಳು. ಎಷ್ಟು ದಿನವಾಗಿತ್ತು ಹೀಗೆ ನಕ್ಕು? ಅವನೂ ನಕ್ಕ. ನಂತರ ಏನೋ ನೆನಪಾದಂತೆ ಅವಳು ನಕಾಶೆಯತ್ತ ತಿರುಗಿದಳು.

"ವೀಸಾ?" ಕೇಳಿದಳು.

"ದ್ವೀಪಕ್ಕ ಬ್ಯಾಡ. ನಡುವ ವಿಮಾನ ಬದಲಿ ಮಾಡೂ ಊರು ಕೇಳತೈತಿ." ಅವನು ಪೆನ್ನು ತಿರುಗಿಸಿದ. "ಮುಟ್ಟೂದು ಸಸಾರ. ದಾರೀನ ತ್ರಾಸು."

ಹೊರಗೆ ಒಂದು ಬಸ್ಸು ಹಾರ್ನ್ ಹೊಡೆದು ಹೋಯಿತು.

"ಮನಿಯವರದು ಒಂದೆರಡು ಕೇಳಬೇಕಾಗೇತಿ," ಅಂದ. "ಅವರು ಮೀನಾ ಪೀನಾ ತಿಂತಾರೇನು?"

ಸೃಷ್ಟಿ ತಬ್ಬಿಬ್ಬಾದಳು. ಇಲ್ಲದ ಗಂಡನಿಗೆ ಯಾವ ಊಟ ಕೊಡುವುದು?

"ತಿಂತಾರ... ಆದ್ರ ನನ್ನ ಮುಂದ ತಿನ್ನಂಗಿಲ್ಲ."

ಮೈಲಾರಿ ಒಮ್ಮೆ ಅವಳನ್ನು ನೋಡಿದ. ಲಿಂಗಾಯತರ ಮನೆಯ ಹುಡುಗಿ, ಮೀನು ತಿನ್ನುವ ಗಂಡ. ಹಾಳೆಯ ಮೇಲೆ ಗುರುತು ಹಾಕಿಕೊಂಡ.

"ಕಿಡಕಿ ಬಾಜು ಸೀಟು?"

"ಕಿಡಕೀನ ಬೇಕು. ಬಸ್ಸಿನಾಗೂ ಹಂಗ. ಕುಂತ ಕೂಡಲೆ ನಿದ್ದಿ ಹೋಗತಾರ, ಮತ್ತ ಕಿಡಕಿ ಯಾಕ ಬೇಕೋ ಏನೋ!"

"ನೀರಾಗ ಇಳೀತಾರ?"

"ಹೆದರತಾರ. ಮೊಣಕಾಲತನ ಅಷ್ಟ. ಆಮ್ಯಾಲೆ ದಂಡಿ ಮ್ಯಾಲೆ ಕುಂತು..."

ಅವನ ಪೆನ್ನು ನಿಂತಿತ್ತು. ಅಯ್ಯೋ, ನಾನು ಯಾರ ಬಗ್ಗೆ ಹೇಳುತ್ತಿದ್ದೇನೆ? ಅವಳಿಗೆ ಗೊತ್ತಿದ್ದದ್ದು ಒಬ್ಬನೇ ಗಂಡಸು. ಅವನು ಎದುರಿಗೇ ಕೂತಿದ್ದ!

"ಅವರ ಪಾಸ್‌ಪೋರ್ಟ್ ತರ್ರಿ," ಅಂದ ಮೈಲಾರಿ. ಧ್ವನಿ ಒಣಗಿತ್ತು. "ಅದಿಲ್ಲದ ಟಿಕೆಟ್ ಆಗಂಗಿಲ್ಲ."

* * *

ಆ ಪಾಸ್‌ಪೋರ್ಟನ್ನು ಎಲ್ಲಿಂದ ತರುವುದು? 'ಮರತೆ' ಅಂದಳು. 'ಅವರು ಊರಾಗಿಲ್ಲ' ಅಂದಳು. ನಂತರ ಆ ಕಡೆ ಹೋಗುವುದನ್ನೇ ಬಿಟ್ಟಳು.

ಏಪ್ರಿಲ್ಲಿನ ಒಂದು ಬೆಳಿಗ್ಗೆ ಫೋನ್ ಬಂತು. "ನಾ ಖಾನಾಪುರದಾಗ ಇದ್ದೀನ್ರಿ. ಟಿಕೆಟ್ಟಿನ ಈ ದರ ಇವತ್ತ ಸಂಜೀತನಾ ಅಷ್ಟ. ಅವರ ಪಾಸ್‌ಪೋರ್ಟ್ ಫೋಟೋ ಕಳಿಸ್ರಿ, ಇಲ್ಲಿಂದನ ಮಾಡತೀನಿ."

ಅವಳು ಫೋನ್ ಹಿಡಿದು ನಿಂತಳು. ಫೋನಿನಲ್ಲಿ ಹೇಳಬಹುದಿತ್ತು, 'ಆ ಎರಡನೇ ಸೀಟು ರದ್ದು ಮಾಡ್ರಿ' ಎಂದು. ಕೇಳಿ ಅವನು 'ಹ್ಞೂಂ' ಅನ್ನುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಒಂಬತ್ತು ವರ್ಷದ ಹಿಂದೆಯೂ ಎಲ್ಲವೂ ಹೀಗೆ ಮುಖ ನೋಡದೆಯೇ ಮುಗಿದಿತ್ತಲ್ಲ...

ಬೇಡ. ಮುಖ ನೋಡಿಯೇ ಹೇಳುತ್ತೇನೆ. ಅವನ ಹೆಂಡತಿ ಎದುರಿಗಿದ್ದರೂ ಸರಿ.

ಅವಳು ಬಸ್ ಸ್ಟ್ಯಾಂಡಿಗೆ ಹೋದಳು.

ಓಣಿ ಬದಲಾಗಿತ್ತು. ಹೆಂಚಿನ ಮನೆಗಳು ಸ್ಲ್ಯಾಬ್ ಆಗಿದ್ದವು. ಅಂಗಳದಲ್ಲಿ ಸಂಡಿಗೆ ಒಣಹಾಕುತ್ತಿದ್ದ ಹೆಂಗಸನ್ನು ಅವಳು ಮರಾಠಿಯಲ್ಲೇ ಕೇಳಿದಳು, ಮೈಲಾರಲಿಂಗನ ಮನೆ ಯಾವುದೆಂದು.

"ಕೋಣತಾ ಮೈಲಾರಲಿಂಗ?" ಹೆಂಗಸು ಸೆರಗಿನಿಂದ ಬೆವರು ಒರೆಸಿಕೊಂಡಳು. "ದೋಘಂ ಆಹೇತ."

ಯಾವ ಮೈಲಾರಲಿಂಗ? ಇಬ್ಬರಿದ್ದಾರೆ.

ಸೃಷ್ಟಿ ಸಂಡಿಗೆ ದಾಟಿ ಆ ಹೆಂಗಸಿನ ಹತ್ತಿರ ಹೋದಳು.

"ಯಾರು ಬೇಕವಾ?" ಎದುರು ಕಟ್ಟೆಯಿಂದ ಒಬ್ಬ ಅಜ್ಜಿ ಕೂಗಿದಳು. ಹೆಸರು ಭರಮವ್ವ. ಬಾಯಿ ತುಂಬ ಎಲೆಅಡಿಕೆ. "ನಮ್ಮ ಹುಡುಗೂರನ್ನೇನು? ಇಲ್ಲೇ ಕಿರಾಣಿ ಅಂಗಡಿ ಇಟ್ಟಾಂವೋ, ಹಡಗಿನಾಗಿದ್ದಾಂವೋ?"

"ಇಬ್ಬರ ಹೆಸರೂ ಒಂದನೇನ್ರಿ, ಅಜ್ಜಿ?"

"ನನ್ನ ಮಕ್ಕಳ ಹುಚ್ಚಾಟ! ಅಪ್ಪ ಸತ್ತನಂತ, ಇಬ್ಬರೂ ತಮ್ಮ ತಮ್ಮ ಮಗಂಗ ಅಪ್ಪನ ಹೆಸರಿಟ್ಟರು. ನೀನು ಬಿಡು ಅಂತ ಇವ, ನೀನು ಬಿಡು ಅಂತ ಅವ. ಗಂಡನ ಹೆಸರು ನಾ ಹೆಂಗ ಕೂಗಲಿ? ಒಬ್ಬಾಂವ ದೊಡ್ಡಾಂವ, ಒಬ್ಬಾಂವ ಸಣ್ಣಾಂವ. ಮುಗೀತು."

"ಮದುವಿ..." ಸೃಷ್ಟಿ ಮನೆಯ ಮುಂದಿನ ಜಾಗದತ್ತ ಕೈ ತೋರಿಸಿದಳು. "ಇಲ್ಲೇ ಹಂದರಾ ಹಾಕಿ ಆದ ಮದುವಿ..."

"ದೊಡ್ಡಾಂವಂದು. ಎರಡು ಕೂಸು ಈಗ. ಸಣ್ಣಾಂವ ಹಡಗಿನ ಮ್ಯಾಲಿದ್ದ, ಅಣ್ಣನ ಅಕ್ಕಿಕಾಳಿಗೂ ಬರಲಿಲ್ಲ. ತಂದು ಮದುವಿ ಮಾತಂತೂ ಎತ್ತಗೊಡಂಗಿಲ್ಲ. ಉಪ್ಪುಗಾಳಿ ತಲಿಗೆ ಏರೇತಿ." ಅಜ್ಜಿ ಕಣ್ಣು ಕಿರಿದು ಮಾಡಿದಳು. "ನೀ ಯಾಕವಾ ಅಳಾಕತ್ತಿ?"

* * *

ಅಜ್ಜಿ ಹೇಳಿದಂತೆ ಅವನು ಮಲಪ್ರಭೆಯ ಮೆಟ್ಟಿಲುಗಳ ಮೇಲೆ ಕೂತಿದ್ದ. ಬೇಸಿಗೆಯ ಹೊಳೆ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು. ಅವಳನ್ನು ಕಂಡು ಗಾಬರಿಯಿಂದ ಎದ್ದ.

"ನೀವು? ಇಲ್ಲಿತನಾ... ಪಾಸ್‌ಪೋರ್ಟ್ ತಂದ್ರೇನು?"

"ಇಲ್ಲ. ಎರಡನೇ ಪಾಸ್‌ಪೋರ್ಟ್ ಇಲ್ಲ." ಉಸಿರು ತೆಗೆದುಕೊಂಡಳು. "ಆ ಮನಿಷ್ಯಾನೂ ಇಲ್ಲ."

ಅವಳು ಒಂದು ಮೆಟ್ಟಿಲು ಕೆಳಗಿಳಿದಳು.

"ನಾ ಒಬ್ಬಾಕೀನ ಹೋಗಾಕ ಬಂದಿದ್ದೆ. ನಿನ್ನ ನೋಡಿದ ಕೂಡಲೆ ಸುಳ್ಳು ಹೇಳಿದೆ."

"ನೀ ಅವರ ಬಗ್ಗೆ ಹೇಳಿದಾಗ..." ಅವನ 'ರೀ' ತಾನಾಗಿ ಬಿದ್ದುಹೋಗಿತ್ತು. "ನನಗ ಹೊಟ್ಟಿ ಉರೀತು. ಥೇಟ್ ನನ್ನಂಥಾವನ್ನ ಹುಡುಕಿ ಮದುವಿ ಆಗ್ಯಾಳ, ನಾ ಯಾಕ ಬ್ಯಾಡಾಗಿದ್ದೆ ಅಂತ!"

ಅವಳು ಅಳುತ್ತಲೇ ನಕ್ಕಳು. ನಗುತ್ತಲೇ ಹಂದರದ ಕಥೆ ಹೇಳಿದಳು. ಚೆಂಡುಹೂವಿನ ಹೆಸರು, ತಿರುಗಿ ಹತ್ತಿದ ಬಸ್ಸು, ಬದಲಿಸಿದ ನಂಬರು.

ಮೈಲಾರಿ ನಗಲಿಲ್ಲ.

"ಫೋನ್ ಸಮುದ್ರದಾಗ ಬಿದ್ದುಹೋಗಿತ್ತು. ಹಡಗು ಇಳಿದಾಂವ ಸೀದಾ ಮಹಾಂತೇಶ ನಗರಕ್ಕ, ನಿಮ್ಮ ಮನಿಗೆ ಬಂದೆ," ಅಂದ. "ನಿಮ್ಮಪ್ಪ ಬಾಗಿಲದಾಗ ನಿಂತಿದ್ದರು. 'ಆಕಿಗೆ ನಿನ್ನ ಜೋಡಿ ಮಾತು ಬ್ಯಾಡಾಗೇತಿ' ಅಂದ್ರು."

"ನಾನ ಹೇಳಿಸಿದ್ದೆ."

"ಗೊತ್ತಿತ್ತು. ನೀ ಪಡದಾ ಹಿಂದಿದ್ದಿ. ಕೆಳಗ ನಿನ್ನ ಕಾಲು ಕಂಡ್ವು."

ಅಷ್ಟು ಹತ್ತಿರ ಅವಳು ನಿಂತಿದ್ದು ಅವನಿಗೆ ಗೊತ್ತಿತ್ತು... ಗೊತ್ತಿದ್ದೂ ಹಿಂದಿರುಗಿದ್ದ!

"ಯಾಕ ಕರೀಲಿಲ್ಲ ನೀ?"

"ಹೊರಗ ಬರಾಕ ಒಲ್ಲದಾಕೀನ ಹೆಂಗ ಕರೀಲಿ?" ಮೊದಲ ಸಲ ಅವನ ಧ್ವನಿ ಏರಿತು. "ಒಂದ ಮಾತ ಕೇಳಬೇಕಿತ್ತು, ಸೃಷ್ಟಿ. ಬೈಯಾಕಾದ್ರೂ ಹೊರಗ ಬರಬೇಕಿತ್ತು. ನಾ ಏನ ತಪ್ಪು ಮಾಡೇನಿ ಅಂತ ಏಳು ವರ್ಷ ಸಮುದ್ರದಾಗ ಹುಡುಕೀನಿ."

ಕ್ಷಮೆ ಎಂಬ ಪದ ಅವಳ ಬಾಯಿಗೆ ಬಂದು, ತೀರ ಚಿಕ್ಕದೆನಿಸಿ ಹಿಂದೆ ಹೋಯಿತು. ಹೊಳೆಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಆ ಸದ್ದು ಬಂಡೆಗೆ ಬಡಿದು, ತುಸು ತಡವಾಗಿ ಇತ್ತ ಬರುತ್ತಿತ್ತು.

ಅವನು ಮೆಟ್ಟಿಲ ಮೇಲಿನ ಒಂದು ಹರಳನ್ನು ಹೊಳೆಗೆ ಎಸೆದ. ಸಿಟ್ಟು ಇಳಿದಿತ್ತು.

"ಒಂದ ಟಿಕೆಟ್ ಮಾಡತೀನಿ. ಹೋಗಿ ಬಾ. ಭಾಳ ದಣದಿ ನೀ, ಮುಖದ ಮ್ಯಾಲೆ ಕಾಣತೈತಿ."

"ಕೆಲಸಾ ಮಾಡಿ ದಣದಿಲ್ಲ ನಾ, ಮೈಲಾರಿ." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ಒಬ್ಬಾಕೀನ ಇದ್ದು ದಣದೇನಿ. ಅದನ್ನ ಅಷ್ಟು ದೂರ ಹೊತಗೊಂಡು ಹೋಗಿ ಏನ ಮಾಡಲಿ?"

ಅವನು ಅವಳನ್ನು ನೋಡಿದ. ಈ ಸಲ ಆ ಕಣ್ಣುಗಳು ಅರ್ಧದಾರಿಯಿಂದ ತಿರುಗಲಿಲ್ಲ.

"ನೀ ಹೇಳಿದ ಆ ಮನಿಷ್ಯಾ ಈಗ ನಾ ಅಲ್ಲ," ಅಂದ ಮೆಲ್ಲಗೆ. "ಈಜಾಕ ಕಲತೇನಿ. ಬಸ್ಸಿನಾಗ ನಿದ್ದಿ ಬರಂಗಿಲ್ಲ. ಬರೇ ಅಡ್ಡಾಡಿದ ಜೀವ, ಒಮ್ಮೊಮ್ಮೆ ಸುಮ್ಮಸುಮ್ಮನ ಸಿಟ್ಟು ಬರತೈತಿ."

"ನನಗೂ ಬರತೈತಿ."

"ಹಂಗಾದ್ರ ಕಠಿಣ ಐತಿ."

"ಐತಿ."

ಅವಳು ಅವನ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಅವನೂ ಕೂತ. ನಡುವೆ ಒಂದು ಗೇಣು ಜಾಗವಿತ್ತು. ಸ್ವಲ್ಪ ಹೊತ್ತಿನ ನಂತರ ಅವಳ ಕೈ ಆ ಜಾಗದಲ್ಲಿ ಇಳಿಯಿತು, ಅವನ ಕೈ ಅದರ ಮೇಲೆ.

"ಸಂಜಿಗೆ ದರ ಮುಗೀತೈತಿ," ಅಂದ.

"ಮುಗೀಲಿ. ದ್ವೀಪ ಎಲ್ಲೆ ಓಡಿಹೋಗತೈತಿ? ಮಳಿಗಾಲ ದಾಟಲಿ. ಮೊದಲ ನಿನ್ನ ಗುರ್ತಾ ಹತ್ತಲಿ ನನಗ."

"ಮತ್ತ ಇವತ್ತ?"

"ಇವತ್ತ ಸಂಜಿ ಬಸ್ಸಿಗೆ ನನ್ನ ಜೋಡಿ ಬೆಳಗಾವಿಗೆ ಬಾ. ಅಪ್ಪನ ಮುಂದ ಮಾತಾಡೂಣು."

ಅವನ ಬೆರಳುಗಳು ಬಿಗಿಯಾದವು. "ಮತ್ತ ಬಾಗಿಲದಾಗ ನಿಂದರಿಸಿ ಕಳಿಸಿದ್ರ?"

ಸೃಷ್ಟಿ ಇಲ್ಲವೆಂದು ತಲೆಯಾಡಿಸಿದಳು.

"ಬಾಗಿಲಾ ನಾ ತೆಗೀತೀನಿ."