ಅನಿಲ ಮಾಪಕದ ಮೇಲಿನ ಚೀಟಿ

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಹತ್ತೂಕಾಲು. ಪೆಟ್ರೋಲ್ ಬಂಕಿನ ನೆಲದಡಿಯ ಟ್ಯಾಂಕು ತೊಳೆಯಲು ಇಳಿದು, ಉಸಿರುಗಟ್ಟಿ ಸತ್ತವನ ಹೆಂಡತಿ ಠಾಣೆಗೆ ಬಂದು ಒಂದು ವರದಿಯನ್ನು ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟಳು. ಅದು ರಾಷ್ಟ್ರೀಯ ಪೆಟ್ರೋಲಿಯಂ ಉದ್ಯಮ ಒಕ್ಕೂಟದ್ದು. ಮೃತನು ಅನಿಲ ಪರೀಕ್ಷೆ ಮಾಡದೆ ಇಳಿದನೆಂದು ಅದರಲ್ಲಿತ್ತು.

"ಸುಳ್ಳು ಸಾರ್. ಮೀಟರ್ ನೋಡ್ದೆ ನಮ್ಮನೆಯವರು ಬಾವಿಗೂ ಬಗ್ತಿರ್ಲಿಲ್ಲ. ತಾನೇ ಸಾವು ತಂದ್ಕೊಂಡ ಅಂತ ಬೀದಿಯೆಲ್ಲ ಮಾತಾಡ್ತಿದೆ."

ಎಫ್‌ಐಆರ್ ದಾಖಲಾಯಿತು. ಬಂಕಿನ ಮಾಲೀಕ, "ಒಕ್ಕೂಟದೋರೇ ಬರ್ದುಕೊಟ್ಟ ಮೇಲೆ ಇನ್ನೇನಿದೆ ಸಾರ್?" ಎಂದು ಎರಡು ಸಲ ಹೇಳಿದ, ಎರಡು ಸಲವೂ ನೆಲ ನೋಡುತ್ತಿದ್ದ. ಇನ್‌ಸ್ಪೆಕ್ಟರರ ಅನುಮಾನ ಮೊದಲು ಅವನ ಮೇಲೇ ಹೋಯಿತು. ಪಂಚನಾಮೆ ಮಾಡಿ, ಅನಿಲ ಅಳೆಯುವ ಬಂಕಿನ ಮೀಟರನ್ನು ಜಪ್ತಿ ಮಾಡಿದರು.

ಹದಿನೇಳರಂದು ಪ್ರಯೋಗಾಲಯದ ಉತ್ತರ ಬಂತು. ಸಾವಿನ ದಿನ, ಅಂದರೆ ಮಾರ್ಚ್ ಎಂಟರಂದು, 9.10ಕ್ಕೆ ಪರೀಕ್ಷೆ ನಡೆದ ದಾಖಲೆ ಮೀಟರಿನೊಳಗೇ ಉಳಿದಿತ್ತು. ಫಲಿತಾಂಶ: ಅನಿಲವಿಲ್ಲ. ಆದರೆ ಮೀಟರೇ ಕೆಟ್ಟಿತ್ತು. ಅದರ ಬೆನ್ನಿಗೆ ಒಕ್ಕೂಟದ ಚೀಟಿ ಅಂಟಿತ್ತು: 'ಮಾರ್ಚ್ 3, ಸರಿಯಿದೆ.' ಕೆಳಗೆ ಸುರಕ್ಷತಾ ಕಾರ್ಯದರ್ಶಿಯ ಸಹಿ.

ಸದಸ್ಯ ಬಂಕುಗಳ ಮೀಟರುಗಳನ್ನು ಒಕ್ಕೂಟವೇ, ಪ್ರಮಾಣ ಗೊತ್ತಿರುವ ಮಾದರಿ ಅನಿಲ ಹಾಯಿಸಿ ಪರೀಕ್ಷಿಸುವ ಪದ್ಧತಿಯಿತ್ತು. ಇನ್‌ಸ್ಪೆಕ್ಟರ್ ಒಕ್ಕೂಟದ ಕಚೇರಿಗೆ ಹೋಗಿ ಅಲ್ಲಿಯ ಉಗ್ರಾಣದಾಕೆಯನ್ನು ವಿಚಾರಿಸಿದರು.

"ಮಾದರಿ ಅನಿಲ ಯಾವಾಗ ಬಂತಮ್ಮ?"

"ಹಳೇ ಸಿಲಿಂಡರ್ ಫೆಬ್ರವರೀಲೇ ಖಾಲಿ ಸಾರ್. ಹೊಸದು ಬಂದಿದ್ದು ಮೊನ್ನೆ ಹತ್ತನೇ ತಾರೀಕು."

"ಹಾಗಾದ್ರೆ ಮೂರನೇ ತಾರೀಕು ಯಾವುದ್ರಿಂದ ಪರೀಕ್ಷೆ ಮಾಡಿದ್ರು?"

ಆಕೆ ಕಾರ್ಯದರ್ಶಿಯ ಕೋಣೆಯತ್ತ ನೋಡಿದಳು.

"ಬಾಯಿಂದ ಊದಿರ್ಬೇಕು ಬಿಡಿ ಸಾರ್," ಎಂದ ಜೊತೆಗೆ ಬಂದಿದ್ದ ಹಿರಿಯ ಕಾನ್‌ಸ್ಟೆಬಲ್.

ಕಾರ್ಯದರ್ಶಿ ಅರವತ್ತರ ಸನಿಹದ, ಇಸ್ತ್ರಿ ಕೆಡದ ಮನುಷ್ಯ.

"ಅವತ್ತು ಎಷ್ಟು ಮೀಟರಿಗೆ ಸಹಿ ಹಾಕಿದ್ರಿ?"

"ನಲವತ್ತು."

"ಅನಿಲ ಇಲ್ದೆ?"

"ಮಾರನೇ ದಿನ ಸಚಿವಾಲಯದಲ್ಲಿ ಸಭೆ ಇತ್ತು. ಒಂದು ಬಾಕಿ ಉಳಿದಿದ್ರೂ ಪರೀಕ್ಷೆ ಕೆಲಸ ನಮ್ಮ ಕೈ ತಪ್ಪಿ ಸರ್ಕಾರಿ ಅಧಿಕಾರಿಗಳಿಗೆ ಹೋಗ್ತಿತ್ತು."

"ವರದಿ ಬರೆದೋರು?"

"ನಾನೇ."

"ಉಳಿದ ಮೂವತ್ತೊಂಬತ್ತು ಎಲ್ಲಿವೆ?"

"ಬಂಕುಗಳಲ್ಲೇ ಇವೆ."

ಇನ್‌ಸ್ಪೆಕ್ಟರ್ ಮೊದಲು ಫೋನ್ ಎತ್ತಿಕೊಂಡು ಎಲ್ಲ ಬಂಕುಗಳ ಟ್ಯಾಂಕು ಕೆಲಸ ನಿಲ್ಲಿಸಿದರು. ದಸ್ತಗಿರಿ ಆಮೇಲೆ, ಸಂಜೆ 4.40ಕ್ಕೆ.

ಮೃತನು ಪರೀಕ್ಷೆ ಮಾಡಿಯೇ ಇಳಿದಿದ್ದನೆಂದು ದೋಷಾರೋಪ ಪಟ್ಟಿಯ ಮೊದಲ ಪುಟದಲ್ಲೇ ಬರೆಯಲಾಯಿತು. ಕಾರ್ಯದರ್ಶಿ ಯಾರಿಂದಲೂ ಲಂಚವೆಂದು ಏನನ್ನೂ ಪಡೆದಿರಲಿಲ್ಲ. ಹೊರಗಿನ ಅಧಿಕಾರಿಗಿಂತ ಕಸುಬಿನವರೇ ತಮ್ಮ ಜನರನ್ನು ಚೆನ್ನಾಗಿ ಕಾಯುತ್ತಾರೆಂದು ಸರ್ಕಾರದ ಮುಂದೆ ವಾದಿಸಿ, ಆ ಪದ್ಧತಿಯನ್ನು ತಂದವನು ಅವನೇ. ಹೇಳಿಕೆಗೆ ಸಹಿ ಹಾಕುವಾಗಲೂ ಅವನು ಆ ವಾದವನ್ನು ನಂಬಿದ್ದ.