ಕೆಂಪು ಹುರಿಯ ಚೀಲ, ಬಿಳಿ ಹುರಿಯ ಚೀಲ

ಬಹಳ ಬಹಳ ಹಿಂದೆ, ಏಳು ಗುಡ್ಡಗಳ ಆಚೆ, ನವಣೆನಾಡು ಎಂಬ ರಾಜ್ಯವಿತ್ತು. ಆ ನಾಡಿನ ಹೊಲಗಳಲ್ಲಿ ನವಣೆ ಬಿಟ್ಟು ಬೇರೇನೂ ಬೆಳೆಯುತ್ತಿರಲಿಲ್ಲ. ಮನೆಗಳಲ್ಲಿ ಬೆಕ್ಕು ಇಲ್ಲದ ಮೂಲೆಯೇ ಇರಲಿಲ್ಲ. ಒಲೆಯ ಪಕ್ಕ ಒಂದು, ಕಣಜದ ಮೇಲೆ ಒಂದು, ಅರಮನೆಯ ಸಿಂಹಾಸನದ ಮೇಲಂತೂ ಮೂರು. ಅರಸ ಸೋವರಸ ಅವುಗಳನ್ನು ಎಬ್ಬಿಸಲು ಮನಸ್ಸು ಬಾರದೆ ಪಕ್ಕದಲ್ಲಿ ಮಣೆ ಹಾಕಿಸಿಕೊಂಡು ರಾಜ್ಯಭಾರ ಮಾಡುತ್ತಿದ್ದ.

ಸೋವರಸ ಒಳ್ಳೆಯವನೇ. ಆದರೆ ಅವನಿಗೊಂದು ಚಟವಿತ್ತು. ಏನು ತೀರ್ಮಾನ ಮಾಡಿದರೂ ತಕ್ಷಣ ಊರೂರಿಗೆ ಡಂಗುರ ಹೊಡೆಸಬೇಕು. ಮಧ್ಯಾಹ್ನಕ್ಕೆ ಬದನೆಕಾಯಿ ಪಲ್ಯ ಎಂದು ನಿರ್ಧಾರವಾದರೂ ಡಂಗುರವೇ.

ಒಂದು ದಿನ ಕೊರಕಮಲ್ಲ ಎಂಬ ಮಾಂತ್ರಿಕ ಅರಮನೆಗೆ ಬಂದ. ಅವನ ಗಡ್ಡ ಮೊಣಕಾಲಿನವರೆಗೆ ಇಳಿದಿತ್ತು.

"ಅರಸ, ನಿನ್ನ ನಾಡಿನ ಕಣಜಗಳಿಗೆಲ್ಲ ನನ್ನನ್ನೇ ಒಡೆಯನನ್ನಾಗಿ ಮಾಡು," ಎಂದ.

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಸಿಂಹಾಸನದ ಬೆಕ್ಕುಗಳು ಆಕಳಿಸಿದವು. ಕೊರಕಮಲ್ಲನಿಗೆ ಅರಸನ ನಗುವಿಗಿಂತ ಆ ಆಕಳಿಕೆಯೇ ಹೆಚ್ಚು ಉರಿಯಿತು. ಗಡ್ಡದಿಂದ ಒಂದು ಹಿಡಿ ಕೂದಲು ಕಿತ್ತು ಉಫ್ ಎಂದು ಊದಿದ. ಒಂದೊಂದು ಕೂದಲೂ ಒಂದೊಂದು ಇಲಿಯಾಯಿತು. ಕಿತ್ತ ಜಾಗದಲ್ಲಿ ಮತ್ತೆ ಕೂದಲು ಬೆಳೆಯಿತು. ಮತ್ತೆ ಕಿತ್ತ, ಮತ್ತೆ ಊದಿದ. ಸಂಜೆಯ ಹೊತ್ತಿಗೆ ನವಣೆನಾಡಿನ ಮನೆಮನೆಯಲ್ಲೂ ಇಲಿ ತುಂಬಿದ್ದವು.

ಇವು ಅಂತಿಂಥ ಇಲಿಗಳಲ್ಲ. ಮನುಷ್ಯರ ಮಾತು ಇವಕ್ಕೆ ಅರ್ಥವಾಗುತ್ತಿತ್ತು. "ಬಾ ಪುಸಿ, ಅಟ್ಟದ ಮೇಲೆ ಸದ್ದಾಗ್ತಿದೆ," ಎಂದು ಯಾರಾದರೂ ಬೆಕ್ಕನ್ನು ಕರೆದರೆ ಸಾಕು, ಬೆಕ್ಕು ಅಟ್ಟ ಹತ್ತುವಷ್ಟರಲ್ಲಿ ಇಲಿಗಳು ಅಡುಗೆಮನೆಯಲ್ಲಿರುತ್ತಿದ್ದವು. ಪಾಪ, ಬೆಕ್ಕುಗಳು ಹತ್ತಿ ಇಳಿದು ಸೊರಗಿದವು. ಜನ ಅವನ್ನೇ ಬೈದರು.

ಅರಸ ತಡಮಾಡಲಿಲ್ಲ. ಡಂಗುರ ಹೊಡೆಸಿದ. "ಕೇಳ್ರಪ್ಪೋ ಕೇಳಿ! ನಾಳೆ ಎಲ್ಲರ ಮನೆಯಲ್ಲೂ ಹಿಟ್ಟಿನುಂಡೆಯೊಳಗೆ ಪಾಷಾಣ ಇಡತಕ್ಕದ್ದು!"

ಜನ ಕೇಳಿದರು, ಇಲಿಗಳೂ ಕೇಳಿದವು. ಮಾರನೆಯ ದಿನ ಇಲಿಗಳು ಉಂಡೆಗಳನ್ನು ಮೂಸಲೂ ಇಲ್ಲ. ಉರುಳಿಸಿಕೊಂಡು ಹೋಗಿ ಬೆಕ್ಕುಗಳ ಹಾಲಿನ ಬಟ್ಟಲಿಗೆ ಬೀಳಿಸಿ ಬಂದವು.

ಆ ನಾಡಿನಲ್ಲಿ ಹೂವಿ ಎಂಬ ಹುಡುಗಿ ಇದ್ದಳು. ಗೋಣಿಚೀಲ ಹೊಲಿಯುವುದು ಅವಳ ಕಸುಬು. ತಾಯಿ ತೀರಿಕೊಂಡ ಮೇಲೆ ಅವಳಿಗೆ ಉಳಿದವರು ಮಾದಜ್ಜಿ ಮತ್ತು ಎರಡು ಬೆಕ್ಕು. ಮುದಿ ಬೆಕ್ಕು ಬೂದಿ, ಪಡ್ಡೆ ಬೆಕ್ಕು ಗುಂಡ. ತಾಯಿ ಹೋದ ದಿನ ಅಳುತ್ತಿದ್ದ ಮಗುವಿನ ಪಕ್ಕದಲ್ಲಿ ಬಂದು ಮಲಗಿದವಳು ಬೂದಿ. ಅಂದಿನಿಂದ ಇಂದಿನವರೆಗೆ ಅವಳ ಜಾಗ ಹೂವಿಯ ಮಗ್ಗುಲಲ್ಲೇ.

ಅಂದು ಬೂದಿ ಹಾಲು ನೆಕ್ಕಿ ಅಂಗಾತ ಬಿದ್ದಳು. ಹೂವಿ ಅವಳ ಬಾಯಿಗೆ ಮಜ್ಜಿಗೆ ಹನಿಸಿದಳು, ಅತ್ತಳು, ಬೈದಳು, ಮತ್ತೆ ಮಜ್ಜಿಗೆ ಹನಿಸಿದಳು. ಅಂತೂ ಬೂದಿ ಕಣ್ಣು ಬಿಟ್ಟಳು. ಎಲ್ಲ ಮನೆಗಳಲ್ಲೂ ಹೀಗೇ ಆಗಿ, ಬೆಕ್ಕುಗಳು ಹೇಗೋ ಬದುಕಿಕೊಂಡವು.

"ಇನ್ನು ಈ ಮನೇಲಿ ಪಾಷಾಣದ ಮಾತು ಎತ್ತಬೇಡ," ಎಂದಳು ಹೂವಿ. "ನೋಡ್ತಿರು ಅಜ್ಜಿ, ನಾಳೆ ಕಣಜದ ಹಿಂದೆ ಬೋನು ಇಡ್ತೀನಿ. ಒಳಗೆ ಸುಟ್ಟ ಕೊಬ್ಬರಿ ಸಿಗಿಸ್ತೀನಿ."

ಬೋನು ಇಟ್ಟಳು. ಬೆಳಗ್ಗೆ ನೋಡಿದರೆ ಕೊಬ್ಬರಿ ಮಾಯ. ಬೋನಿನಲ್ಲಿ ಸಿಕ್ಕಿಕೊಂಡಿದ್ದದ್ದು ಅಜ್ಜಿಯ ಸೀರೆಯ ಸೆರಗು, ಅದೂ ಅಂಚೆಲ್ಲ ಕಡಿದು ಚೂರುಚೂರಾಗಿತ್ತು.

ಮಾದಜ್ಜಿಗೆ ಸಿಟ್ಟು ನೆತ್ತಿಗೇರಿತು. "ಅಲ್ವೇ ಬಾಯಿಬಡುಕಿ, ಇಲಿಗೆ ಬೋನು ಇಡೋ ಮಾತು ಯಾರಾದ್ರೂ ಗಟ್ಟಿಯಾಗಿ ಆಡ್ತಾರಾ? ಅವು ಕೇಳಿಸ್ಕೊಂಡು ಬಟ್ಟೆ ಕಡೀತವೆ ಅಂತ ನಮ್ಮವ್ವ ಬಡ್ಕೊಳ್ಳೋಳು. ಇದ್ದದ್ದೊಂದು ಒಳ್ಳೆ ಸೀರೆ ನಂದು!"

ಹೂವಿ ಉತ್ತರ ಕೊಡಲು ಬಾಯಿ ತೆರೆದಳು. ಏನೋ ಹೊಳೆದು ಬಾಯಿ ಮುಚ್ಚಿಕೊಂಡಳು. ಇಲಿಗಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತವೆ. ಕೇಳಿಸಿಕೊಂಡದ್ದನ್ನೆಲ್ಲ ನಂಬುತ್ತವೆ. ಹಾಗಾದರೆ ನಾವು ಕೇಳಿಸಬೇಕಾದ್ದನ್ನೇ ಕೇಳಿಸಿದರೆ?

ಅಷ್ಟರಲ್ಲಿ ಬೀದಿಯಲ್ಲಿ ಡಂಗುರ ಕೇಳಿತು. ಕೊರಕಮಲ್ಲ ಅರಸನಿಗೆ ಹೇಳಿ ಕಳಿಸಿದ್ದನಂತೆ: ನಾಡಿನ ಬೆಕ್ಕುಗಳನ್ನೆಲ್ಲ ಗಡಿ ದಾಟಿಸಬೇಕು, ಬಿತ್ತನೆಯ ಬೀಜವನ್ನೆಲ್ಲ ತನ್ನ ಗುಡ್ಡಕ್ಕೆ ತಂದೊಪ್ಪಿಸಬೇಕು. ಇಲ್ಲವಾದರೆ ಇಲಿಗಳು ತೊಟ್ಟಿಲಿಗೇ ಹತ್ತುತ್ತವೆ.

ತೊಟ್ಟಿಲಿನ ಮಾತು ಕೇಳಿದ್ದೇ ಅರಸ ಹೆದರಿ ಒಪ್ಪಿಬಿಟ್ಟಿದ್ದ.

"ಕೇಳ್ರಪ್ಪೋ ಕೇಳಿ! ಬೆಕ್ಕು, ಬೀಜ ಎಲ್ಲವನ್ನೂ ಚೀಲ ಹೊಲಿಯುವ ಹೂವಿಯ ಅಂಗಳಕ್ಕೆ ತಂದೊಪ್ಪಿಸತಕ್ಕದ್ದು! ಬೆಕ್ಕಿನ ಚೀಲಕ್ಕೆ ಕೆಂಪು ಹುರಿ, ಬೀಜದ ಚೀಲಕ್ಕೆ ಬಿಳಿ ಹುರಿ! ಕೆಂಪು ಹುರಿಯ ಚೀಲ ಗಡಿಗೆ, ಬಿಳಿ ಹುರಿಯ ಚೀಲ ಗುಡ್ಡಕ್ಕೆ!"

ಬೇಡವಾದ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ದಾರಿ ಕಾಣದಂತೆ ಬಾಯಿ ಹೊಲಿದು ದೂರ ಬಿಟ್ಟು ಬರುವುದು ಆ ನಾಡಿನಲ್ಲಿ ಮೊದಲಿನಿಂದಲೂ ಇದ್ದದ್ದೇ. ಆದರೆ ಬೇಕಾದ ಬೆಕ್ಕನ್ನು ಹಾಗೆ ಯಾರೂ ಕಳಿಸಿರಲಿಲ್ಲ. ಬೀದಿಯುದ್ದಕ್ಕೂ ಮಕ್ಕಳು ಹೋ ಎಂದು ಅತ್ತರು. ಬೂದಿಯ ಚೀಲವನ್ನು ತನ್ನ ಕೈಯಿಂದಲೇ ಹೊಲಿಯಬೇಕಲ್ಲ ಎಂದು ಹೂವಿಯ ಎದೆ ಒಡೆದುಹೋಯಿತು. ಮರುಗಳಿಗೆ ಅವಳ ಕಣ್ಣು ಹುರಿಯ ಉಂಡೆಗಳ ಮೇಲೆ ಬಿತ್ತು. ಒಂದು ಕೆಂಪು, ಒಂದು ಬಿಳಿ. ಅವಳು ಅಳು ನಿಲ್ಲಿಸಿದಳು.

ಜನ ಬಂದರು. ಬೀಜ ಸುರಿದರು, ಬೆಕ್ಕುಗಳನ್ನು ಮುದ್ದಾಡಿ ಬಿಟ್ಟು, ಕಣ್ಣೊರೆಸಿಕೊಂಡು ಹೋದರು. ಅಂಗಳದ ತುಂಬ ಬೆಕ್ಕುಗಳು. ಹತ್ತಿರ ಬಂದು ನೋಡುವ ಧೈರ್ಯ ಯಾವ ಇಲಿಗೂ ಇಲ್ಲ. ಸೂರಿನ ಸಂದಿಯಲ್ಲಿ ಕೂತು ಕಿವಿಯನ್ನಷ್ಟೇ ಚಾಚಿದವು.

ಹೂವಿ ದಬ್ಬಳಕ್ಕೆ ಬಿಳಿ ಹುರಿ ಪೋಣಿಸಿದಳು. ಬಿಳಿ ಹುರಿಯಿಂದ ಬೆಕ್ಕಿನ ಚೀಲ ಹೊಲಿಯುತ್ತ ಗಟ್ಟಿಯಾಗಿ ಹೇಳಿದಳು: "ಇದು ಬೀಜ ಅಜ್ಜಿ, ಹುಷಾರು, ಒಂದು ಕಾಳೂ ಚೆಲ್ಲಬಾರದು." ಆಮೇಲೆ ಕೆಂಪು ಹುರಿಯಿಂದ ಬೀಜದ ಚೀಲ ಹೊಲಿಯುತ್ತ ಬಿಕ್ಕಿದಳು: "ಹೋಗಿ ಬಾ ನನ್ನ ಬೂದಿ, ಎಲ್ಲಾದ್ರೂ ಸುಖವಾಗಿರು."

ಮಾದಜ್ಜಿ ಒಮ್ಮೆ ಹುರಿ ನೋಡಿದಳು, ಒಮ್ಮೆ ಮೊಮ್ಮಗಳ ಮುಖ ನೋಡಿದಳು. ಹುಟ್ಟಿದಾಗಿನಿಂದ ಸುಮ್ಮನೆ ಕೂತು ಗೊತ್ತಿಲ್ಲದ ಹೆಂಗಸು ಅಂದು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಳು. ಬೆಕ್ಕುಗಳಿಗೆ ಏನೂ ಹೇಳಬೇಕಾಗಿರಲಿಲ್ಲ. ತೆರೆದ ಚೀಲ ಕಂಡರೆ ಒಳಗೆ ಹೋಗಿ ನೋಡದೆ ಯಾವ ಬೆಕ್ಕಿಗೂ ಸಮಾಧಾನವಿಲ್ಲ. ಬೂದಿ ಮೊದಲು ಹೋದಳು, ಉಳಿದವು ಹಿಂದೆಯೇ ಹೋದವು. ಉಸಿರಾಡಲಿ ಎಂದು ಹೂವಿ ಹೊಲಿಗೆಯನ್ನು ಸಡಿಲವಾಗಿ ಹಾಕಿದಳು. ಒಂದು ಚೀಲದ ಹುರಿಯನ್ನು ಇನ್ನೊಂದಕ್ಕೆ ಸೇರಿಸಿದಳು. ಒಂದು ತುದಿ ಎಳೆದರೆ ಸರ್ರನೆ ಎಲ್ಲ ಬಾಯಿಗಳೂ ಬಿಚ್ಚಿಕೊಳ್ಳಬೇಕು, ಹಾಗೆ.

ಕೆಂಪು ಹುರಿಯ ಗಾಡಿಗಳು ಅರಸನ ಹಿಂದೆ ಗಡಿಯತ್ತ ಹೊರಟವು. ಬಿಳಿ ಹುರಿಯ ಗಾಡಿಗಳ ಜೊತೆ ಹೂವಿ ಗುಡ್ಡಕ್ಕೆ ಹೊರಟಳು.

ಗುಡ್ಡದಲ್ಲಿದ್ದ ಕೊರಕಮಲ್ಲನ ಗುಹೆಗೆ ಮೂರು ಬಾಗಿಲು. ಮೊದಲ ಬಾಗಿಲಲ್ಲಿ ಉದ್ದ ಮೂತಿಯ ಇಲಿಯೊಂದು ಕಾವಲಿತ್ತು. ಮೂಸಿ ನೋಡಿ ಹೇಳಿತು: "ಬೆಕ್ಕಿನ ವಾಸನೆ ಬರ್ತಿದೆಯಲ್ಲ?"

"ನಮ್ಮ ನಾಡಲ್ಲಿ ಬೆಕ್ಕು ಮಲಗದೆ ಇರೋ ಚೀಲ ಎಲ್ಲಿಂದ ತರಲಿ?" ಎಂದಳು ಹೂವಿ. "ಬೇಡ ಅಂದ್ರೆ ಹೇಳು, ವಾಪಸ್ಸು ಹೊಡ್ಕೊಂಡು ಹೋಗ್ತೀನಿ."

"ಬೇಡ ಬೇಡ, ನಡಿ ಒಳಗೆ," ಎಂದಿತು ಇಲಿ.

ಎರಡನೆಯ ಬಾಗಿಲಲ್ಲಿ ದಪ್ಪ ಹೊಟ್ಟೆಯ ಇಲಿ ಕಾವಲಿತ್ತು. ಚೀಲಕ್ಕೆ ಕೆನ್ನೆ ಒತ್ತಿ ಹೇಳಿತು: "ಚೀಲ ಬೆಚ್ಚಗಿದೆಯಲ್ಲ?"

"ಬಿಸಿಲಲ್ಲಿ ಬಂದ ಬೀಜ ಬೆಚ್ಚಗಿರದೆ ಇನ್ನೇನಾಗುತ್ತೆ?" ಎಂದಳು ಹೂವಿ. "ಆರಲಿ ಅಂತ ಇಲ್ಲೇ ಬಿಟ್ಟು ಹೋಗಲಾ?"

"ಬೇಡ ಬೇಡ, ನಡಿ ಒಳಗೆ," ಎಂದಿತು ಇಲಿ.

ಮೂರನೆಯ ಬಾಗಿಲಲ್ಲಿ ಕೊರಕಮಲ್ಲನೇ ನಿಂತಿದ್ದ. ಅವನು ಮೂಸಲಿಲ್ಲ, ಮುಟ್ಟಲಿಲ್ಲ. ತನ್ನ ಗಡ್ಡದಿಂದ ಕೊಬ್ಬಿದ ಇಲಿಯೊಂದನ್ನು ಇಳಿಸಿ, "ಹೋಗು, ಪ್ರತಿ ಚೀಲದ ಮೇಲೂ ಬಾಲ ಎಳೆದುಕೊಂಡು ನಡೆದು ಬಾ," ಎಂದ.

ಇಲಿ ಮೊದಲ ಚೀಲ ಹತ್ತಿತು. ಎರಡನೆಯದು ಹತ್ತಿತು. ಬೆಕ್ಕಿನ ಮೂಗಿನ ಮೇಲೆ ಇಲಿ ನಡೆದುಹೋಗುವುದು, ಬೆಕ್ಕು ಸುಮ್ಮನಿರುವುದು! ಋಷಿಗಳೂ ಇಂಥ ತಪಸ್ಸು ಮಾಡಿರಲಿಕ್ಕಿಲ್ಲ. ಕೊನೆಯ ಚೀಲ ಗುಂಡನದು. ಇಲಿ ಅದರ ಮೇಲೆ ನಿಂತು ಬಾಲ ಬಡಿಯಿತು. ಚೀಲ ಮಿಸುಕಿತು.

ಹೂವಿ ದೊಪ್ಪನೆ ಹೋಗಿ ಅದರ ಪಕ್ಕಕ್ಕೆ ಒರಗಿ ಕೂತಳು. "ಅಯ್ಯಪ್ಪಾ, ಗುಡ್ಡ ಹತ್ತಿ ಸೊಂಟ ಬಿದ್ದುಹೋಯ್ತು. ಈ ಚೀಲ ಬೇರೆ ಜಾರ್ತಾ ಇದೆ." ಒಳಗಿದ್ದ ಗುಂಡನನ್ನು ಮೊಣಕೈಯಿಂದ ಮೆಲ್ಲಗೆ ತಿವಿದಳು. ಗುಂಡ ಕಲ್ಲಿನಂತೆ ಸುಮ್ಮನಾದ.

ಕೊರಕಮಲ್ಲ ತೃಪ್ತಿಯಿಂದ ಗಡ್ಡ ನೀವಿಕೊಂಡ. ಚೀಲಗಳನ್ನು ಗುಹೆಯ ನಡುವೆ ಇಳಿಸಿ ಗಾಡಿಯವರು ಹೊರಟುಹೋದರು.

ಹೂವಿ ಹೇಳಿದಳು: "ಸ್ವಾಮಿ, ನಿಮ್ಮ ಇಲಿಗಳೆಲ್ಲ ಬಂದು ಪಾಲು ತಗೊಳ್ಳಲಿ. ಆಮೇಲೆ ಯಾರಾದ್ರೂ ನಮಗೆ ಸಿಗಲಿಲ್ಲ ಅಂದ್ರೆ ನಾನು ಹೊಣೆಯಲ್ಲ."

ಮಾಂತ್ರಿಕ ಬೆರಳನ್ನು ಬಾಯಿಗಿಟ್ಟು ಶಿಳ್ಳೆ ಹೊಡೆದ. ಅಟ್ಟದ ಇಲಿ, ಕಣಜದ ಇಲಿ, ಅರಮನೆಯ ಉಗ್ರಾಣದ ಇಲಿ, ಎಲ್ಲವೂ ಗುಡ್ಡಕ್ಕೆ ಓಡಿ ಬಂದವು. ಕೊನೆಯ ಇಲಿ ಒಳಗೆ ಬಂದದ್ದೇ ತಡ, ಒಂದು ಕಾಳೂ ಹೊರಗೆ ಹೋಗಬಾರದೆಂದು ಕೊರಕಮಲ್ಲ ಮೂರು ಬಾಗಿಲನ್ನೂ ತಾನೇ ಮಂತ್ರ ಹಾಕಿ ಮುಚ್ಚಿದ.

"ಬಿಚ್ಚೇ ಹುಡುಗಿ ಚೀಲ," ಎಂದ.

"ಇಗೋ ಬಿಚ್ಚಿದೆ," ಎಂದು ಹೂವಿ ಹುರಿಯ ತುದಿ ಹಿಡಿದು ಎಳೆದಳು.

ಸರ್ರ್ ಎಂದು ಎಲ್ಲ ಚೀಲಗಳ ಬಾಯಿಗಳೂ ಬಿಚ್ಚಿಕೊಂಡವು. ನವಣೆನಾಡಿನ ಬೆಕ್ಕುಗಳೆಲ್ಲ ಒಟ್ಟಿಗೆ ಹಾರಿದವು! ಇಷ್ಟು ದಿನ ಬೈಸಿಕೊಂಡ ಬೆಕ್ಕುಗಳು, ಹಾಲಿನಲ್ಲಿ ವಿಷ ಕುಡಿದ ಬೆಕ್ಕುಗಳು, ಮೂಗಿನ ಮೇಲೆ ಇಲಿ ನಡೆಸಿಕೊಂಡ ಬೆಕ್ಕುಗಳು! ಪಂಜ ತಾಗಿದ ಇಲಿ ಅಲ್ಲಲ್ಲೇ ಒಂದು ನರೆಗೂದಲಾಗಿ ನೆಲಕ್ಕೆ ಬಿತ್ತು. ಇಲ್ಲಿ ಕೂದಲು ಬಿದ್ದಂತೆಲ್ಲ ಕೊರಕಮಲ್ಲನ ಗಡ್ಡ ಅಲ್ಲಿ ಉದುರಿತು. ಗಡ್ಡ ಹೋಯಿತು, ಮೀಸೆ ಹೋಯಿತು, ಹುಬ್ಬೂ ಹೋಯಿತು. ಗುಂಡನಂತೂ ಆ ಕೊಬ್ಬಿದ ಇಲಿಯನ್ನು ಹುಡುಕಿ ಹುಡುಕಿ ಹಿಡಿದ.

ಮಾಂತ್ರಿಕನಲ್ಲಿ ಉಳಿದದ್ದು ಒಂದೇ ಮಂತ್ರ. ತಾನೇ ಒಂದು ಬೋಳು ಇಲಿಯಾಗಿ ಗೋಡೆಯ ಬಿಲಕ್ಕೆ ಓಡಿದ. ಬಿಲದ ಬಾಯಲ್ಲಿ ಬೂದಿ ಆಗಲೇ ಕೂತಿದ್ದಳು. ಮುದುಕಿ ಓಡುವ ಆಟಕ್ಕೆ ಹೋಗಿರಲೇ ಇಲ್ಲ. ಅವನ ಬಾಲದ ಮೇಲೆ ಪಂಜ ಇಟ್ಟಳು.

"ತಾಯೀ, ಬಿಡ್ಸು! ನಿನ್ನ ಕಾಲಿಗೆ ಬೀಳ್ತೀನಿ!" ಎಂದು ಬೋಳು ಇಲಿ ಕಿರುಚಿತು.

"ಇನ್ನು ಮಂತ್ರ ಹೇಳಲ್ಲ ಅಂತ ಆಣೆ ಮಾಡು," ಎಂದಳು ಹೂವಿ. "ನಮ್ಮ ಮನೆಗಳಲ್ಲಿ ಇಲಿ ತೋಡಿದ ಬಿಲ ಎಷ್ಟಿದೆಯೋ ಅಷ್ಟನ್ನೂ ನೀನೇ ಮಣ್ಣು ಕಲಸಿ ಮೆತ್ತಬೇಕು."

ಅವನು ಆಣೆ ಮಾಡಿದ. ಮಾಡಿದ್ದೇ ತಡ, ಮಂತ್ರವೆಲ್ಲ ಅವನನ್ನು ಬಿಟ್ಟುಹೋಯಿತು. ಇಲಿಯಿದ್ದಲ್ಲಿ ಬೋಳು ತಲೆಯ ಮುದುಕನೊಬ್ಬ ಕೂತಿದ್ದ. ಮೂರು ಬಾಗಿಲೂ ತಾವಾಗಿ ತೆರೆದುಕೊಂಡವು.

ಅತ್ತ ಗಡಿಯಲ್ಲಿ, ಬೆಕ್ಕುಗಳನ್ನು ಬೀಳ್ಕೊಡಲು ಮಕ್ಕಳುಮರಿ ಸಮೇತ ಬಂದ ಜನರ ನಡುವೆ, ಅರಸ ಅಳುತ್ತ ನಿಂತಿದ್ದ. ಕೊನೆಯ ಸಲ ತನ್ನ ಬೆಕ್ಕುಗಳ ಮುಖ ನೋಡೋಣವೆಂದು ಕೆಂಪು ಹುರಿಯ ಚೀಲವೊಂದನ್ನು ಬಿಚ್ಚಿಸಿದ. ಕಾಲ ಮೇಲೆ ಸುರುಸುರು ನವಣೆ ಸುರಿಯಿತು. ಇನ್ನೊಂದು ಚೀಲ ಬಿಚ್ಚಿದರೂ ನವಣೆ. ಜನ ಬೆಪ್ಪಾಗಿ ಮುಖಮುಖ ನೋಡಿಕೊಳ್ಳುತ್ತಿದ್ದಾಗ ಗುಡ್ಡದ ದಾರಿಯಲ್ಲಿ ಧೂಳೆದ್ದಿತು. ಬೂದಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೂವಿ ಬರುತ್ತಿದ್ದಳು. ಅವಳ ಹಿಂದೆ ಬಾಲ ನೆಟ್ಟಗೆ ಎತ್ತಿಕೊಂಡು ನಾಡಿನ ಬೆಕ್ಕುಗಳೆಲ್ಲ ಬರುತ್ತಿದ್ದವು. ಎಲ್ಲಕ್ಕಿಂತ ಹಿಂದೆ ಬೋಳು ಮುದುಕ ಮಣ್ಣಿನ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದ.

ಮಕ್ಕಳು ಕೂಗುತ್ತ ಓಡಿದರು. ಯಾರ ಬೆಕ್ಕು ಯಾರ ಕೈಯಲ್ಲಿದೆಯೆಂದು ಯಾರೂ ನೋಡಲಿಲ್ಲ, ಸಿಕ್ಕಿದ್ದನ್ನು ಅಪ್ಪಿಕೊಂಡರು. ಅರಸ ಹೂವಿಯ ಮುಂದೆ ಬಂದು ಕಿರೀಟ ತೆಗೆದು ನಿಂತ.

"ನನ್ನ ಕೈಯಲ್ಲಿ ಆಗದ್ದನ್ನು ನೀನು ಮಾಡಿದೆ ಮಗಳೇ. ಹೆದರಿ ಇವುಗಳನ್ನು ಕೈಬಿಟ್ಟೆ ನಾನು. ಏನು ಬೇಕು ಕೇಳು."

"ಬುದ್ಧಿ, ನಮ್ಮ ಅಜ್ಜಿಗೆ ಒಂದು ಒಳ್ಳೆ ಸೀರೆ ಕೊಡಿಸಿ," ಎಂದಳು ಹೂವಿ. "ನನಗೆ ಬೇಕಾದ್ದು ನನ್ನ ಹೆಗಲ ಮೇಲೇ ಇದೆ."

ಆ ವಾರವೇ ನಾಡೆಲ್ಲ ಬಿತ್ತನೆಯಾಯಿತು. ಕೊರಕಮಲ್ಲ ಮನೆಮನೆಗೆ ಹೋಗಿ ಬಿಲ ಮೆತ್ತಿದ. ಕೆಲಸ ಮುಗಿದ ಮನೆಯವರು ಅವನಿಗೆ ಹೊಟ್ಟೆ ತುಂಬ ಬಡಿಸಿದರು, ಬರಬರುತ್ತ ಅವನೂ ಆ ನಾಡಿನವನೇ ಆಗಿಹೋದ. ನವಣೆ ತೆನೆ ಬಾಗಿ ನಿಂತಿತು, ಕಣಜಗಳು ತುಂಬಿದವು, ಒಂದು ಕಾಳೂ ಇಲಿಯ ಪಾಲಾಗಲಿಲ್ಲ. ಅಂದಿನಿಂದ ನವಣೆನಾಡಿನಲ್ಲಿ ಉಣ್ಣುವವರು ಹೊಟ್ಟೆ ತುಂಬ ಉಂಡರು, ಮಲಗುವವರು ಕಣ್ಣು ತುಂಬ ಮಲಗಿದರು. ಬೆಕ್ಕುಗಳು ಮಾತ್ರ ಎರಡನ್ನೂ ಎಲ್ಲರಿಗಿಂತ ಹೆಚ್ಚು ಮಾಡಿದವು.