ಎಡಗಡೆಯ ಮುಂಚಕ್ರ

ಮುನಿಆಂಜನಪ್ಪನನ್ನು ಕೊಲ್ಲಬೇಕೆಂದು ಚನ್ನಪ್ಪ ತೀರ್ಮಾನಿಸಿದ್ದು 1997ರ ಜನವರಿಯ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಕಂಟೋನ್ಮೆಂಟಿನ ಒಂದು ಕ್ಲಬ್ಬಿನ ಹುಲ್ಲುಹಾಸಿನ ಮೇಲೆ, ಕೈಯಲ್ಲಿ ಅರ್ಧ ತಿಂದ ಕಟ್ಲೆಟ್ ಹಿಡಿದುಕೊಂಡು. ಸಮಯ ಇಷ್ಟು ಖಚಿತವಾಗಿ ನೆನಪಿರಲು ಕಾರಣವುಂಟು. ಅವನು ಅಂದಾಜಿನ ಮಾತನ್ನು ಆಡುವವನೇ ಅಲ್ಲ. ವಿಮಾನ ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ತುಂಡನ್ನು ಪಕ್ಕಕ್ಕೆ ಸರಿಸುವವನು. ಹೊಸ ತಿಪ್ಪಸಂದ್ರದ ತನ್ನ ಮನೆಯಲ್ಲಿ ಹೆಂಡತಿ ಜಯದೇವಿ ಮಾಡಿದ ರೊಟ್ಟಿಯ ಅಂಚು ಒಂದು ಕಡೆ ದಪ್ಪವಾದರೆ ಅದನ್ನೂ ಪಕ್ಕಕ್ಕೆ ಸರಿಸುತ್ತಿದ್ದ.

ಆ ಭಾನುವಾರ ಕ್ಲಬ್ಬಿನಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಮುನಿಆಂಜನಪ್ಪನ ಬೂದು ಬಣ್ಣದ ಮಾರಿಸ್ ಮೈನರ್ ಕಾರಿಗೆ ಮೊದಲ ಬಹುಮಾನ ಬಂತು. ಹಲಸೂರಿನ ಹಿಂದೆ ರಾಗಿ ಬೆಳೆಯುತ್ತಿದ್ದ ಮನೆತನ ಅವನದು. ಈಗ ಆ ಹೊಲಗಳ ಮೇಲೆ ಮಹಡಿಗಳು ಬೆಳೆದಿದ್ದವು. ಕಾರು ಅವನ ತಂದೆಯದು. ಹಸುವಿನ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಕೊಳೆಯುತ್ತಿದ್ದ ಅದನ್ನು ಆರು ವರ್ಷ, ಪ್ರತಿ ಭಾನುವಾರ, ಬಿಚ್ಚಿ, ತೊಳೆದು, ತಿದ್ದಿ, ಜೋಡಿಸಿ ನಿಲ್ಲಿಸಿದವನು ಚನ್ನಪ್ಪ. ಕೂಲಿಗಲ್ಲ, ಪ್ರೀತಿಗೆ. ಆರು ವರ್ಷದಲ್ಲಿ ಮುನಿಆಂಜನಪ್ಪ ಮಾಡಿದ್ದೆಂದರೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, "ಆಯ್ತಾ ಚನ್ನಪ್ನೋರೇ?" ಎಂದು ಕೇಳಿದ್ದು.

ಬಹುಮಾನದ ಕಪ್ಪನ್ನು ಕೈಗೆತ್ತಿಕೊಂಡು ಅವನು ಪತ್ರಿಕೆಯವರಿಗೆ ಹೇಳಿದ: "ಆರು ವರ್ಷ ಸಾರ್, ಒಂದೊಂದು ಬೋಲ್ಟೂ ನಾನೇ ಕೈಯಾರೆ ಮಾಡಿದ್ದು." ಆಮೇಲೆ ಯಾರೋ ಚನ್ನಪ್ಪನ ಕಡೆ ಬೆರಳು ತೋರಿಸಿದ್ದಕ್ಕೆ, "ಇವ್ರಾ? ನಮ್ ಮೆಕ್ಯಾನಿಕ್ಕು" ಎಂದು ನಕ್ಕ.

ಆಗ ಗಂಟೆ ಹನ್ನೊಂದು ಇಪ್ಪತ್ತು. ಕಟ್ಲೆಟ್ಟಿನ ಉಳಿದರ್ಧವನ್ನು ಚನ್ನಪ್ಪ ನಿಧಾನವಾಗಿ ಅಗಿದು ತಿಂದು ಮುಗಿಸಿದ. ಸಿಟ್ಟಿನಲ್ಲಿ ಕೊಲೆ ಮಾಡುವವರು ಕಸುಬು ತಿಳಿಯದವರು. ಅವನು ಹನ್ನೊಂದು ತಿಂಗಳು ಕಾದ.

ಕಾದಷ್ಟು ಕಾಲವೂ ನಗುನಗುತ್ತಲೇ ಆ ಮನೆಗೆ ಹೋಗಿಬಂದ. ಮುನಿಆಂಜನಪ್ಪನ ತಾಯಿ ದೊಡ್ಡಮುನಿಯಮ್ಮ ಎಂದಿನಂತೆ ಮುದ್ದೆ, ಬಸ್ಸಾರು ಬಡಿಸಿ, "ಉಣ್ಣಪ್ಪ, ಕಬ್ಣದ್ ಜೊತೆ ಗುದ್ದಾಡಿ ಸಣ್ಗಾಗೋಗಿದ್ದೀಯ" ಎನ್ನುತ್ತಿದ್ದಳು. ಮುದ್ದೆಯನ್ನು ಅವನು ಮನಸಾರೆ ಉಂಡ. ಮುದ್ದೆಗೂ ಕೊಲೆಗೂ ಸಂಬಂಧವಿಲ್ಲ. ಎರಡು ಬೇರೆ ವಿಭಾಗಗಳು.

ದಾರಿ ತೋರಿಸಿದ್ದು ಕಾರೇ. ನಲವತ್ತೈದು ವರ್ಷ ಹಳೆಯ ಮುಂಭಾಗದ ಸಸ್ಪೆನ್ಷನ್ ಸವೆದಿತ್ತು. ಆ ಕಾರಿನಲ್ಲಿ ಮುಂಚಕ್ರವನ್ನು ಹೊತ್ತು ನಿಲ್ಲುವುದು ಕಿಂಗ್ ಪಿನ್ನು ಎಂಬ ಕಂಬ. ಆ ಕಂಬದ ಬುಡ ಟ್ರನಿಯನ್ ಎಂಬ ಮುಷ್ಟಿಗಾತ್ರದ ತುಂಡಿನೊಳಗೆ, ಬಾಟಲಿಯ ಬಾಯಿಗೆ ಮುಚ್ಚಳ ಕೂತಂತೆ, ಥ್ರೆಡ್ಡಿನಿಂದ ತಿರುಗಿ ಕೂತಿರುತ್ತದೆ. ಥ್ರೆಡ್ಡು ಸವೆದರೆ ಒಂದು ದಿನ ಕಂಬ ಕಿತ್ತು ಬರುತ್ತದೆ, ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. ಹೀಗೆಂದು ಚನ್ನಪ್ಪನೇ ನಾಲ್ಕು ಜನರ ಎದುರು ಎಚ್ಚರಿಸಿದ. ಒಂದು ಸಲವಲ್ಲ, ಮೂರು ಸಲ. ಕೊಲೆಗಾರ ಮುಂಚಿತವಾಗಿ ಎಚ್ಚರಿಕೆ ಕೊಟ್ಟದ್ದನ್ನು ಯಾರಾದರೂ ಕೇಳಿದ್ದಾರೆಯೆ?

ಹೊಸ ಭಾಗಗಳು ಇಂಗ್ಲೆಂಡಿನಿಂದ ಬಂದವು. "ನೀವೇ ಹಾಕ್ಬಿಡಿ" ಎಂದ ಮುನಿಆಂಜನಪ್ಪ.

"ಬೆನ್ನು ಹಿಡಕೊಂಡೈತ್ರೀ. ಶಿವಾಜಿನಗರದ ವಾಜಿದ್ ಕಡೆ ಮಾಡಿಸ್ರಿ. ಒಳ್ಳೇ ಕೈ," ಎಂದ ಚನ್ನಪ್ಪ.

ವಾಜಿದನದು ನಿಜಕ್ಕೂ ಒಳ್ಳೆಯ ಕೈ. ಆದರೆ ಹೊಸ ಪಾರ್ಟ್ ತೆಗೆದಿಟ್ಟುಕೊಂಡು ಹಳೆಯದನ್ನೇ ಹಾಕಿಕೊಟ್ಟ ಎಂದು ಶಿವಾಜಿನಗರದ ಒಬ್ಬ ಗ್ಯಾರೇಜಿನವನ ಮೇಲೆ ಹೇಳಿದರೆ ಈ ಊರಿನಲ್ಲಿ ಎಷ್ಟು ಬೇಗ ನಂಬುತ್ತಾರೆಂಬುದು ಚನ್ನಪ್ಪನಿಗೆ ಗೊತ್ತಿತ್ತು. ಸಾಕ್ಷಿ ಸೃಷ್ಟಿಸುವ ಶ್ರಮವನ್ನು ಜನರ ನಾಲಿಗೆಗೆ ಬಿಟ್ಟ. ಗುರುವಾರ ವಾಜಿದ್ ಎರಡೂ ಕಡೆಗೆ ಹೊಸದನ್ನು ಹಾಕಿದ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಚನ್ನಪ್ಪ, ಗುಜರಿ ಡಬ್ಬಕ್ಕೆ ಬಿದ್ದ ಎಡಗಡೆಯ ಹಳೆಯ ಕಂಬ ಮತ್ತು ಟ್ರನಿಯನ್ನನ್ನು ಚೀಲಕ್ಕೆ ಹಾಕಿಕೊಂಡ.

ಶನಿವಾರ ಮಧ್ಯಾಹ್ನ ಮುನಿಆಂಜನಪ್ಪನ ಮನೆಮಂದಿಯೆಲ್ಲ ಕಾರನ್ನು ಶೆಡ್ಡಿನಲ್ಲೇ ಬಿಟ್ಟು ಕೆ.ಆರ್. ಪುರದ ಮದುವೆಗೆ ಹೋದರು. ಶೆಡ್ಡಿನ ಬೀಗದ ಕೈ ಏಳು ವರ್ಷದಿಂದ ಚನ್ನಪ್ಪನ ಬಳಿಯೂ ಒಂದಿತ್ತು. ಕೈಗವಸು ಹಾಕಿ, ಜಾಕ್ ಕೊಟ್ಟು, ಎಡಗಡೆಯ ಚಕ್ರ ಬಿಚ್ಚಿದ. ಹಳೆಯ ಥ್ರೆಡ್ಡಿನಲ್ಲಿ ಉಳಿದಿದ್ದ ಜೀವವನ್ನು ಮನೆಯಲ್ಲೇ ಅರದಿಂದ ಅಳೆದು ತೆಗೆದಿದ್ದ. ಹಲಸೂರಿನಿಂದ ಕೆ.ಆರ್. ಪುರದವರೆಗೆ ಹಿಡಿಯಬೇಕು, ಹೊಸಕೋಟೆ ದಾಟಿ, ಕೋಲಾರದ ಕಡೆಗೆ ಕಾರು ವೇಗ ಹಿಡಿದಾಗ ಬಿಡಬೇಕು. ಮರುದಿನದ ಹಳೆಯ ಕಾರುಗಳ ರ್‍ಯಾಲಿ ಅದೇ ರಸ್ತೆಯಲ್ಲಿತ್ತು. ಒಂದೂ ಮುಕ್ಕಾಲು ಗಂಟೆಯಲ್ಲಿ ಹೊಸದನ್ನು ತೆಗೆದು ಹಳೆಯದನ್ನು ಕೂರಿಸಿ, ಬಿಗಿದು, ಭದ್ರಪಡಿಸಿ, ಮೇಲೆ ಗ್ರೀಸು ಬಳಿದ. ಮುಗಿದ ಮೇಲೆ ಅಭ್ಯಾಸದಂತೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಅಚ್ಚುಕಟ್ಟಾದ ಕೆಲಸ. ಹೊಸ ಭಾಗಗಳನ್ನು ಹಲಸೂರು ಕೆರೆಗೆ ಎಸೆಯುವಾಗ ಮಾತ್ರ ಕರುಳು ಚುರುಕ್ಕೆಂದಿತು. ಎಷ್ಟು ಚಂದದ ಥ್ರೆಡ್ಡು!

ಭಾನುವಾರ ಹಲಸೂರಿನ ಸೋಮೇಶ್ವರನ ಗುಡಿಗೆ ಜಯದೇವಿಯನ್ನು ಕರೆದುಕೊಂಡು ಹೋಗಿ, ನಾಲ್ಕು ಜನ ಪರಿಚಯದವರನ್ನು ಮಾತಾಡಿಸಿ ಬಂದ. ಹತ್ತೂವರೆಗೆ ಫೋನು ಬಂತು. ಮುನಿಆಂಜನಪ್ಪನೇ ಮಾತಾಡಿದ.

"ಚನ್ನಪ್ನೋರೇ, ಕೆ.ಆರ್. ಪುರ ಇನ್ನೂ ಬಂದೇ ಇರ್ಲಿಲ್ಲ, ಟಿನ್ ಫ್ಯಾಕ್ಟರಿ ಹತ್ರ ಎಡಗಡೆ ಚಕ್ರ ಮಡಚ್ಕೊಂಡ್ಬಿಡ್ತು! ಬಸ್ ಹಿಂದೆ ಮೆಲ್ಲಗೇ ಹೋಗ್ತಿದ್ದೆ. ನಂಗೇನೂ ಆಗಿಲ್ಲ. ಅಮ್ಮ ಪಕ್ಕದಲ್ಲಿ ಕೂತಿದ್ಲು, ಕೈ ಮುರಿದೋಗಿದೆ."

ಚನ್ನಪ್ಪನಿಗೆ ಮೊದಲು ನಾಚಿಕೆಯಾಯಿತು. ಲೆಕ್ಕ ಮೂವತ್ತು ಕಿಲೋಮೀಟರು ತಪ್ಪಿತ್ತು. ಮುದುಕಿಯ ಕೈ ನೆನಪಾದದ್ದು ಫೋನು ಇಟ್ಟ ಮೇಲೆ. ಎಡಗಡೆಯ ಸೀಟು ಅವನ ಯೋಜನೆಯಲ್ಲಿ ಖಾಲಿಯಿತ್ತು. ಆ ದಿನ ಅಂಚು ಸಮನಾಗಿದ್ದ ರೊಟ್ಟಿಯನ್ನೂ ಅವನು ಪಕ್ಕಕ್ಕೆ ಸರಿಸಿದ. ಜಯದೇವಿ ಅದನ್ನು ಸ್ನೇಹಿತನ ಮೇಲಿನ ಕಾಳಜಿ ಎಂದುಕೊಂಡಳು.

ಉಳಿದದ್ದೆಲ್ಲ ಅವನು ಬರೆದಿಟ್ಟಂತೆಯೇ ನಡೆಯಿತು. ಮುನಿಆಂಜನಪ್ಪ ದೂರು ಕೊಟ್ಟ; ಪೊಲೀಸರು ವಾಜಿದನನ್ನು ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಹೊಸ ಪಾರ್ಟ್ ಕದ್ದ ಎಂಬ ಮಾತು ಸಂಜೆಯೊಳಗೆ ಹಲಸೂರೆಲ್ಲ ತಿರುಗಿಬಂತು. ತಜ್ಞರೊಬ್ಬರು ಕಾರನ್ನು ನೋಡಿ ಬರೆದುಕೊಡಬೇಕಿತ್ತು. ಆಸ್ಪತ್ರೆಯ ಮಂಚದ ಮೇಲಿಂದ ದೊಡ್ಡಮುನಿಯಮ್ಮ ಹಟ ಹಿಡಿದಳು: "ಚನ್ನಪ್ಪನ್ನ ಕರಸ್ರೋ. ಆ ಕಾರ್ನ ಮಾಡ್ದೋನೇ ಅವ್ನು. ಅವ್ನಿಗಲ್ದೆ ಇನ್ಯಾರಿಗ್ ಗೊತ್ತಾಗ್ತದೆ?"

ಏಳು ವರ್ಷದಲ್ಲಿ ಆ ಮನೆಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಚನ್ನಪ್ಪ ಬುಧವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಠಾಣೆಗೆ ಹೋದ. ವರದಿಯನ್ನು ಹಿಂದಿನ ದಿನವೇ ಮೂರು ಪ್ರತಿ ಟೈಪು ಮಾಡಿಸಿದ್ದ. ಕಾರನ್ನು ನೋಡುವುದೊಂದು ಬಾಕಿಯಿತ್ತು.

ಠಾಣೆಯ ಅಂಗಳದಲ್ಲಿ ಕಾರು ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಸಬ್ ಇನ್ಸ್‌ಪೆಕ್ಟರ್ ಕೆಂಪರಾಜ್ ಕುರ್ಚಿ ಹಾಕಿಸಿದ, ಕಾಫಿ ತರಿಸಿದ, "ಸಾರ್, ನಮಗೆ ಇದರಲ್ಲಿ ಏನೂ ತಿಳಿಯಲ್ಲ, ಸ್ವಲ್ಪ ಬಿಡಿಸಿ ಹೇಳ್ಬೇಕು" ಎಂದ. ಚನ್ನಪ್ಪ ಬಿಡಿಸಿ ಹೇಳಿದ. ಕಿತ್ತುಬಂದ ಕಂಬದ ಬುಡವನ್ನು ಪೆನ್ನಿನ ತುದಿಯಿಂದ ಮುಟ್ಟಿ, ಇದು ಹೊಸದಲ್ಲ, ಹಳೆಯದು, ಇಂಥದ್ದನ್ನು ಹಾಕಿದವನು ಮೆಕ್ಯಾನಿಕ್ಕೇ ಅಲ್ಲ ಎಂದ. ಕೊನೆಯ ಮಾತನ್ನು ಸ್ವಲ್ಪ ಎತ್ತರದ ದನಿಯಲ್ಲೇ ಹೇಳಿದ, ಪಕ್ಕದಲ್ಲಿದ್ದ ಮುನಿಆಂಜನಪ್ಪನಿಗೆ ಕೇಳಲೆಂದು.

ವಾಜಿದ್ ಅಷ್ಟು ಹೊತ್ತೂ ತಲೆ ತಗ್ಗಿಸಿ ನಿಂತಿದ್ದ. ಈಗ ಬಗ್ಗಿ, ಹೆಗಲ ಮೇಲಿದ್ದ ಬಟ್ಟೆಯಿಂದ ಎಡಗಡೆಯ ಗ್ರೀಸನ್ನು ಒರೆಸಿದ. "ಸಾಬ್, ಒಂದ್ ನಿಮಿಷ. ಬಲಗಡೆ ನೋಡಿ, ನಟ್ಟಿಗೆ ನಾನ್ ಹಾಕಿರೋದು ಸ್ಪ್ಲಿಟ್ ಪಿನ್. ಬೆಂಗ್ಳೂರಲ್ಲಿ ಎಲ್ಲಾ ಗ್ಯಾರೇಜಲ್ಲೂ ಅದೇ ಹಾಕೋದು. ಎಡಗಡೆ ಇದೇನ್ ಸಾಬ್? ಮೂವತ್ತು ವರ್ಷ ಆಯ್ತು ಈ ಲೈನಿಗೆ ಬಂದು, ಇಂಥ ಕೆಲಸ ನಾನ್ ನೋಡೇ ಇಲ್ಲ."

ಎಲ್ಲರೂ ಬಗ್ಗಿ ನೋಡಿದರು; ಚನ್ನಪ್ಪನೂ ನೋಡಿದ. ನಟ್ಟು ತಿರುಗಿ ಕಳಚದಂತೆ ಅದರ ಸೀಳಿನಲ್ಲಿ ತೂರಿಸುವ ಸ್ಪ್ಲಿಟ್ ಪಿನ್ ಅಲ್ಲಿರಲಿಲ್ಲ. ಒಮ್ಮೆ ಬಿಚ್ಚಿದ ಸ್ಪ್ಲಿಟ್ ಪಿನ್ನನ್ನು ಮತ್ತೆ ಹಾಕಬಾರದೆಂಬುದು ಕಾರ್ಖಾನೆಯ ನಿಯಮ. ಶನಿವಾರ ಅವನ ಚೀಲದಲ್ಲಿ ಹೊಸದಿರಲಿಲ್ಲ. ಇದ್ದದ್ದು ಒಂದು ಸುತ್ತು ಉಕ್ಕಿನ ತಂತಿ. ಆಕಾಶದಲ್ಲಿ ನಟ್ಟು ಸಡಿಲವಾಗದಿರಲೆಂದು ವಿಮಾನಕ್ಕೆ ಕಟ್ಟುವ ತಂತಿ. ಅವನ ಮನಸ್ಸು ಹೊಸಕೋಟೆಯ ಆಚೆ ಇದ್ದಾಗ ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು. ಎರಡೆಳೆ ಸೇರಿಸಿ, ಇಂಚಿಗೆ ಎಂಟು ಸುತ್ತಿನಂತೆ ಹುರಿಮಾಡಿ, ನಟ್ಟಿನ ಸೀಳಿನಲ್ಲಿ ತೂರಿಸಿ, ಯಾರ ಬೆರಳೂ ಕೊಯ್ಯದಿರಲೆಂದು ತುದಿಯನ್ನು ಒಳಕ್ಕೆ ಮಡಚಿ, ಕಳಚಿ ಬೀಳಬೇಕಾದ ಚಕ್ರವನ್ನು ಅಷ್ಟು ಭದ್ರವಾಗಿ ಕಟ್ಟಿತ್ತು. ಕೆಂಪರಾಜ್ ತಂತಿಯ ಮೇಲೆ ಬೆರಳಾಡಿಸಿದ, ಟೈಪು ಮಾಡಿದ ವರದಿಯ ಮೇಲಿದ್ದ ವಿಮಾನ ಕಾರ್ಖಾನೆಯ ಹೆಸರನ್ನು ಓದಿದ, ಮತ್ತೆ ತಂತಿಯನ್ನು ನೋಡಿದ. "ಎಷ್ಟು ನೀಟಾಗಿದೆ ಸಾರ್," ಎಂದ ಮೆಚ್ಚಿಗೆಯಿಂದಲೇ. "ಯಾರ ಕೆಲಸ ಇದು?" ಈ ಪ್ರಶ್ನೆಯನ್ನು ಚನ್ನಪ್ಪನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ.